ಒಂದು ಪೆನ್ನಿಗೆ ಒಂದು ಕುರ್ಚಿ



ಹರಟೆ ಅನ್ನುವ ಮಾತಿಗೆ ನಮ್ಮ ಮನೆಗಳಲ್ಲಿ ಅಂಥ ಒಳ್ಳೆಯ ಹೆಸರಿಲ್ಲ. ಪರೀಕ್ಷೆ ಹತ್ತಿರ ಬಂದಾಗ ಹುಡುಗ ಗೆಳೆಯರ ಜೊತೆ ಕೂತರೆ "ಹರಟೆ ಹೊಡೀತಾ ಇದಾನೆ" ಅನ್ನುತ್ತೇವೆ. ನಾಲ್ಕು ಜನ ಹೆಂಗಸರು ಬಾವಿಕಟ್ಟೆಯ ಹತ್ತಿರ ನಿಂತರೆ ಅದು ಕಾಡುಹರಟೆ. ಅಂಗಡಿ ಜಗಲಿಯ ಮೇಲೆ ಚುನಾವಣೆಯ ಮಾತು ನಡೆದರೆ "ಕೆಲಸವಿಲ್ಲದ ಜನ". ಆದರೆ ಇದೇ ಹರಟೆಗೆ ಕನ್ನಡ ಸಾಹಿತ್ಯ ಮಾತ್ರ ಮಣೆ ಹಾಕಿ ಕೂರಿಸಿದೆ. ಲಲಿತ ಪ್ರಬಂಧ ಎಂದು ನಾವು ಪಠ್ಯಪುಸ್ತಕದಲ್ಲಿ ಓದಿದ್ದಕ್ಕೆ ಇನ್ನೊಂದು ಹೆಸರೇ ಹರಟೆ. ಅದನ್ನು ಕನ್ನಡದಲ್ಲಿ ಚೆನ್ನಾಗಿ ಬೆಳೆಸಿದವರಲ್ಲಿ ಒಬ್ಬರಾದ ಎ.ಎನ್. ಮೂರ್ತಿರಾಯರು ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು. ಆ ಕಾಲದ ಕಾಲೇಜುಗಳಲ್ಲಿ ಇಂಗ್ಲಿಷ್ ಪ್ರಬಂಧವೆಂದರೆ ಮೊದಲು ಬರುತ್ತಿದ್ದ ಹೆಸರುಗಳು ಜೋಸೆಫ್ ಆಡಿಸನ್ ಮತ್ತು ರಿಚರ್ಡ್ ಸ್ಟೀಲ್. ಈ ಇಬ್ಬರೂ ಬರೆದದ್ದು ಲಂಡನ್ನಿನ ಕಾಫಿ ಹೌಸುಗಳಲ್ಲಿ ಕೂತು ಹರಟುತ್ತಿದ್ದ ಜನರಿಗಾಗಿ.

ಹಾಗಾಗಿ ಇವತ್ತು ಆ ಕಾಫಿ ಹೌಸುಗಳ ಕಥೆ ಹೇಳೋಣ ಅನ್ನಿಸಿತು. ರಾಜಕೀಯ, ನೀತಿ, ಸಂಸಾರ, ಸಿನಿಮಾ ಅಂತ ನಾವು ನೀವು ದಿನವೂ ವಾದ ಮಾಡುತ್ತೇವಲ್ಲ, ಅದಕ್ಕೂ ಒಂದು ಚರಿತ್ರೆ ಇದೆ. ಕೇಳುತ್ತಾ ಒಂದು ಪ್ರಶ್ನೆಯನ್ನು ಮಾತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ: ಮಾತು ನಡೆಯುವ ಜಾಗದಲ್ಲಿ ಕುರ್ಚಿ ಸಿಕ್ಕಿದ್ದು ಯಾರಿಗೆ?

ಲಂಡನ್ನಿನ ಬ್ಯಾಂಕ್ ನಿಲ್ದಾಣದಲ್ಲಿ ಇಳಿದು ಕಾರ್ನ್‌ಹಿಲ್ ಕಡೆ ನಾಲ್ಕು ಹೆಜ್ಜೆ ನಡೆದರೆ ಸೇಂಟ್ ಮೈಕೇಲ್ಸ್ ಆಲಿ ಎಂಬ ಕಿರಿದಾದ ಓಣಿ ಸಿಗುತ್ತದೆ. ಅಲ್ಲಿ ಈಗ ಒಂದು ಪಬ್ ಇದೆ. ಅದರ ಗೋಡೆಯ ಮೇಲಿನ ಫಲಕ, 1652ರಲ್ಲಿ ಲಂಡನ್ನಿನ ಮೊದಲ ಕಾಫಿ ಹೌಸ್ ಇದ್ದದ್ದು ಇಲ್ಲೇ ಎಂದು ಹೇಳುತ್ತದೆ. ಅದನ್ನು ನಡೆಸಿದವನು ಪಾಸ್ಕ ರೋಸೆ. ಟರ್ಕಿಯ ಕಡೆ ವ್ಯಾಪಾರ ಮಾಡುತ್ತಿದ್ದ ಡೇನಿಯಲ್ ಎಡ್ವರ್ಡ್ಸ್ ಎಂಬ ವರ್ತಕನ ಮನೆಯಲ್ಲಿ ಆಳಾಗಿದ್ದವನು, ಹೊರದೇಶದಿಂದ ಬಂದವನು. ಅಂದರೆ ಈ ದೇಶಕ್ಕೆ ಕಾಫಿ ಕುಡಿಯುತ್ತಾ ಮಾತಾಡುವುದನ್ನು ಕಲಿಸಿದವನೂ ನಮ್ಮ ಹಾಗೆ ಒಬ್ಬ ವಲಸಿಗನೇ.

ಆ ಕಾಲ ಎಂಥದ್ದು ಅನ್ನುವುದನ್ನೂ ನೆನೆಯಬೇಕು. ಮೂರು ವರ್ಷದ ಹಿಂದೆ, 1649ರಲ್ಲಿ, ಇಂಗ್ಲೆಂಡ್ ತನ್ನ ದೊರೆ ಮೊದಲನೆಯ ಚಾರ್ಲ್ಸನ ತಲೆ ತೆಗೆದಿತ್ತು. ಅಂತರ್ಯುದ್ಧದಲ್ಲಿ ಮನೆಮನೆ ಒಡೆದಿತ್ತು. ಅಪ್ಪ ಒಂದು ಪಕ್ಷ, ಮಗ ಇನ್ನೊಂದು. ಅಂಥ ಊರಿನಲ್ಲಿ, ಅಮಲೇರಿಸದ ಒಂದು ಪಾನೀಯದ ಮುಂದೆ, ಗುರುತಿಲ್ಲದ ಜನ ಒಂದೇ ಮೇಜಿಗೆ ಕೂತು ಮಾತಾಡತೊಡಗಿದರು. ಬೆಲೆ ಒಂದು ಪೆನ್ನಿ. ಒಂದು ಪೌಂಡಿಗೆ ಆಗ 240 ಪೆನ್ನಿಗಳು. ಆ ಒಂದು ಪೆನ್ನಿಗೆ ಕಾಫಿ, ಬೆಂಕಿಯ ಬಿಸಿ, ಅಲ್ಲಿ ಬಿದ್ದಿರುತ್ತಿದ್ದ ಸುದ್ದಿಪತ್ರಗಳು, ಜೊತೆಗೆ ಹೊತ್ತು ಹೋದಷ್ಟೂ ಮಾತು. ಅದಕ್ಕೇ ಇವುಗಳಿಗೆ "ಪೆನ್ನಿ ಯೂನಿವರ್ಸಿಟಿ" ಎಂಬ ಹೆಸರು ಬಂತು.

ಒಂದು ಉದಾಹರಣೆ ಹೇಳುತ್ತೇನೆ. 1659ರ ಕೊನೆಯಲ್ಲಿ ವೆಸ್ಟ್‌ಮಿನ್‌ಸ್ಟರ್‌ನಲ್ಲಿ, ಪಾರ್ಲಿಮೆಂಟಿನ ಪಕ್ಕದಲ್ಲೇ, ಮೈಲ್ಸ್ ಎಂಬವನ ಕಾಫಿ ಹೌಸಿನಲ್ಲಿ ಜೇಮ್ಸ್ ಹ್ಯಾರಿಂಗ್ಟನ್ ಎಂಬ ರಾಜಕೀಯ ಚಿಂತಕ "ರೋಟಾ ಕ್ಲಬ್" ಎಂಬ ಕೂಟ ಶುರುಮಾಡಿದ. ಅಲ್ಲಿ ಒಂದು ದೊಡ್ಡ ಮೊಟ್ಟೆಯಾಕಾರದ ಮೇಜು. ಅದರ ನಡುವೆ ಓಣಿಯ ಹಾಗೆ ಜಾಗ ಬಿಟ್ಟಿತ್ತು, ಮೈಲ್ಸ್ ಒಳಗಿಂದಲೇ ಎಲ್ಲರಿಗೂ ಕಾಫಿ ಕೊಡಲಿಕ್ಕೆ. ಸುತ್ತ ಕೂತವರು ದೇಶವನ್ನು ದೊರೆಯಿಲ್ಲದೆ ಹೇಗೆ ಆಳಬೇಕು ಎಂದು ವಾದ ಮಾಡುತ್ತಿದ್ದರು. ಕೊನೆಗೆ ಪೆಟ್ಟಿಗೆಯಲ್ಲಿ ಗುಟ್ಟಾಗಿ ಮತ ಹಾಕುತ್ತಿದ್ದರು. ಪ್ರಸಿದ್ಧ ದಿನಚರಿಕಾರ ಸ್ಯಾಮ್ಯುಯಲ್ ಪೀಪ್ಸ್ ಕೂಡ 1660ರ ಜನವರಿಯಲ್ಲಿ ಅಲ್ಲಿಗೆ ಹೋಗಿ ಕೂತಿದ್ದ. ಅದೇ ವರ್ಷ ದೊರೆತನ ಮರಳಿ ಬಂತು, ರೋಟಾ ಮುಚ್ಚಿತು. ಆದರೆ ಕಾಫಿ ಹೌಸುಗಳು ಮುಚ್ಚಲಿಲ್ಲ, ಹೆಚ್ಚಿದವು.

ಬರೀ ಮಾತು ಅಂದರೆ ಜಗಳವೂ ಇದ್ದೇ ಇರುತ್ತದೆ ಅಲ್ಲವೆ? ಅದಕ್ಕೂ ಅವರು ಉಪಾಯ ಮಾಡಿದ್ದರು. 1674ರಲ್ಲಿ ಕಾಫಿ ಹೌಸಿನ ನಿಯಮಗಳು ಎಂದು ಪದ್ಯದಲ್ಲಿ ಬರೆದ ಒಂದು ಹಾಳೆ ಅಚ್ಚಾಯಿತು. ಅರ್ಧ ತಮಾಷೆ, ಅರ್ಧ ನಿಜ. ದೊಡ್ಡವರು ಬಂದರೆಂದು ಯಾರೂ ಎದ್ದು ಜಾಗ ಬಿಡಬೇಕಾಗಿಲ್ಲ. ಖಾಲಿ ಇದ್ದಲ್ಲಿ ಕೂರಬೇಕು. ಕೆಟ್ಟ ಆಣೆ ಹಾಕಿದವನಿಗೆ ಹನ್ನೆರಡು ಪೆನ್ನಿ ದಂಡ. ಜಗಳ ತೆಗೆದವನು ಅಲ್ಲಿ ಕೂತ ಎಲ್ಲರಿಗೂ ಒಂದೊಂದು ಬಟ್ಟಲು ಕಾಫಿ ಕೊಡಿಸಬೇಕು. ಪ್ರೇಮದಲ್ಲಿ ಸೋತವರು ಮೂಲೆ ಹಿಡಿದು ಅಳಬಾರದು. ಎಲ್ಲರೂ ಲವಲವಿಕೆಯಿಂದ ಮಾತಾಡಬೇಕು, ಆದರೆ ಅತಿಯಾಗಿ ಅಲ್ಲ. ಇದರಲ್ಲಿ ನನಗೆ ತುಂಬ ಹಿಡಿಸಿದ್ದು ಜಗಳಗಂಟನಿಗೆ ಹಾಕಿದ ಶಿಕ್ಷೆ. ಅವನನ್ನು ಹೊರಗೆ ಹಾಕಲಿಲ್ಲ, ಬಾಯಿ ಮುಚ್ಚಿಸಲಿಲ್ಲ. ಎಲ್ಲರಿಗೂ ಕಾಫಿ ಕೊಡಿಸು ಅಂದರು. ಕಾಫಿ ಬರುವ ಹೊತ್ತಿಗೆ ಸಿಟ್ಟು ಆರಿರುತ್ತದೆ.

ಆದರೆ ಜನ ಒಟ್ಟಾಗಿ ಕೂತು ಮಾತಾಡುವುದು ಅರಮನೆಗೆ ಹಿಡಿಸಲಿಲ್ಲ. 1675ರ ಡಿಸೆಂಬರ್ 29ರಂದು ಎರಡನೆಯ ಚಾರ್ಲ್ಸ್ ಒಂದು ಆಜ್ಞೆ ಹೊರಡಿಸಿದ. ಜನವರಿ 10ರಿಂದ ಕಾಫಿ ಹೌಸುಗಳೆಲ್ಲ ಬಂದ್. ಕೊಟ್ಟ ಕಾರಣಗಳು ನಮಗೆ ಚೆನ್ನಾಗಿ ಗೊತ್ತಿರುವಂಥವೇ: ಕಸುಬಿನವರು ಕೆಲಸ ಬಿಟ್ಟು ಅಲ್ಲಿ ಹೊತ್ತು ಕಳೆಯುತ್ತಾರೆ, ಸುಳ್ಳು ಸುದ್ದಿ, ಸರ್ಕಾರದ ನಿಂದೆ ಅಲ್ಲಿಂದ ಹರಡುತ್ತದೆ. ಮೊದಲನೆಯದು ನೆಪ, ಎರಡನೆಯದು ನಿಜವಾದ ಭಯ. ಊರೆಲ್ಲ ಗದ್ದಲವಾಯಿತು. ಕಾಫಿ ಹೌಸಿನ ಒಡೆಯರು ಅರ್ಜಿ ಹಿಡಿದು ಹೋದರು. ನಮ್ಮ ಹತ್ತಿರ ತುಂಬಿಟ್ಟ ಸರಕು ಏನಾಗಬೇಕು ಎಂದರು. ಜನವರಿ 8ರಂದು, ಆಜ್ಞೆ ಜಾರಿಗೆ ಬರುವುದಕ್ಕೆ ಎರಡು ದಿನ ಮೊದಲೇ, ದೊರೆ ಹಿಂದೆ ಸರಿದ. ದೊರೆಯನ್ನು ಮಣಿಸಿದ್ದು ಸೈನ್ಯವಲ್ಲ, ಕಾಫಿ ಮಾರುವವರು ಮತ್ತು ಕುಡಿಯುವವರು.

ಇಲ್ಲಿಯವರೆಗೆ ಕೇಳಿದರೆ ಇದು ಬಹಳ ಸುಂದರವಾದ ಕಥೆ. ಎಷ್ಟೋ ಪುಸ್ತಕಗಳು ಇದನ್ನು ಇಲ್ಲಿಗೇ ಮುಗಿಸುತ್ತವೆ. ಈಗ ನಾನು ಮೊದಲು ಕೇಳಿದ ಪ್ರಶ್ನೆಗೆ ಬನ್ನಿ. ಕುರ್ಚಿ ಯಾರಿಗೆ?

ಹೆಂಗಸರು ಕಾಫಿ ಹೌಸಿನಲ್ಲಿ ಇರಲೇ ಇಲ್ಲ ಅಂತಲ್ಲ. ಇದ್ದರು. ಗಲ್ಲಾಪೆಟ್ಟಿಗೆಯ ಹಿಂದೆ ಇದ್ದರು, ಕಾಫಿ ಕಾಸುತ್ತಿದ್ದರು, ಬಡಿಸುತ್ತಿದ್ದರು. ಗಂಡ ಸತ್ತ ಮೇಲೆ ಅಂಗಡಿಯನ್ನು ತಾವೇ ನಡೆಸಿದ ವಿಧವೆಯರೂ ಇದ್ದರು. ಆದರೆ ಗಿರಾಕಿಯಾಗಿ ಬಂದು, ಮೇಜಿಗೆ ಕೂತು, "ನನ್ನ ಅಭಿಪ್ರಾಯ ಹೀಗೆ" ಅನ್ನುವ ಹೆಣ್ಣು ಅಲ್ಲಿ ಬಹಳ ಅಪರೂಪ. 1674ರಲ್ಲೇ "ಕಾಫಿಯ ವಿರುದ್ಧ ಹೆಂಗಸರ ಮನವಿ" ಎಂಬ ಪುಟ್ಟ ಪುಸ್ತಿಕೆ ಬಂತು. ಕಾಫಿ ಕುಡಿದು ಕುಡಿದು ಗಂಡಸರು ಕೆಲಸಕ್ಕೆ ಬಾರದವರಾಗಿದ್ದಾರೆ, ಹರಟೆಯಲ್ಲಿ ನಮ್ಮನ್ನೂ ಮೀರಿಸಿದ್ದಾರೆ ಎಂದು ಅದರ ದೂರು. ಬರೆದವರ ಹೆಸರಿಲ್ಲ. ಅದರ ಪೋಲಿ ಧಾಟಿ ನೋಡಿದರೆ ಹೆಂಗಸರ ಹೆಸರಿನಲ್ಲಿ ಯಾರೋ ಗಂಡಸರೇ ಬರೆದಿರಬಹುದು ಅನ್ನಿಸುತ್ತದೆ. ನೋಡಿ, ಹೆಂಗಸರ ದೂರನ್ನು ಹೇಳುವುದಕ್ಕೂ ಹೆಂಗಸರ ದನಿ ನಿಜವಾಗಿ ಬೇಕಾಗಿರಲಿಲ್ಲ.

ಇನ್ನೂ ಕಹಿಯಾದ ಸಂಗತಿಯೊಂದಿದೆ. ಕಾಫಿಗೆ ಹಾಕುತ್ತಿದ್ದ ಸಕ್ಕರೆ ವೆಸ್ಟ್ ಇಂಡೀಸಿನ ತೋಟಗಳಿಂದ ಬರುತ್ತಿತ್ತು. ಅದನ್ನು ಬೆಳೆಯುತ್ತಿದ್ದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಲಂಡನ್ನಿನಿಂದ ತಪ್ಪಿಸಿಕೊಂಡ ಗುಲಾಮರನ್ನು ಹುಡುಕಲು ಪತ್ರಿಕೆಗಳಲ್ಲಿ ಜಾಹೀರಾತು ಬರುತ್ತಿತ್ತು. ಇಂಥ ಬಣ್ಣದವನು, ಇಷ್ಟು ವಯಸ್ಸು, ಕಂಡವರು ಇಂಥ ಕಾಫಿ ಹೌಸಿಗೆ ತಂದೊಪ್ಪಿಸಿ ಬಹುಮಾನ ಪಡೆಯಬಹುದು ಎಂದು. ಎಲ್ಲರೂ ಸಮ ಎಂದು ಪದ್ಯ ಅಚ್ಚು ಹಾಕಿದ ಜಾಗಗಳಲ್ಲೇ ಮನುಷ್ಯರನ್ನು ಮರಳಿ ಒಪ್ಪಿಸುವ ವ್ಯವಹಾರವೂ ನಡೆಯುತ್ತಿತ್ತು.

ಹಾಗಾದರೆ ಹೊರಗಿದ್ದವರು ಸುಮ್ಮನಿದ್ದರೆ? ಅಲ್ಲೇ ಇರುವುದು ಕಥೆಯ ಸ್ವಾರಸ್ಯ. ಬಾಗಿಲಿನಿಂದ ಬರಲಾಗದವರು ಅಂಚೆಯ ಮೂಲಕ ಬಂದರು.

1691ರ ಮಾರ್ಚಿನಲ್ಲಿ ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿ ಒಂದು ಪತ್ರಿಕೆ ಶುರುಮಾಡಿದ. ಅದರ ಹೆಸರು "ಅಥೀನಿಯನ್ ಮರ್ಕ್ಯುರಿ". ಒಂದೇ ಹಾಳೆ, ಎರಡು ಮಗ್ಗುಲು, ಬೆಲೆ ಮತ್ತದೇ ಒಂದು ಪೆನ್ನಿ. ಅದರಲ್ಲಿ ಸುದ್ದಿ ಇರಲಿಲ್ಲ. ಇದ್ದದ್ದು ಓದುಗರ ಪ್ರಶ್ನೆ ಮತ್ತು ಅದಕ್ಕೆ ಉತ್ತರ. ಪ್ರಶ್ನೆಗಳನ್ನು ಸ್ಮಿತ್ಸ್ ಕಾಫಿ ಹೌಸಿಗೆ ಅಂಚೆಯಲ್ಲಿ ಕಳಿಸಬೇಕು, ಹೆಸರು ಬರೆಯಬೇಕಾಗಿಲ್ಲ. ಹನ್ನೊಂದು ವರ್ಷ ಹಿಂದೆ, 1680ರಲ್ಲಿ, ಲಂಡನ್ನಿನೊಳಗೆ ಒಂದು ಪೆನ್ನಿಗೆ ಕಾಗದ ಮುಟ್ಟಿಸುವ ಪೆನ್ನಿ ಪೋಸ್ಟ್ ಶುರುವಾಗಿತ್ತು. ಡಂಟನ್ನನಿಗೆ ಅದು ಕೈಗೂಡಿ ಬಂತು. ಉತ್ತರ ಕೊಡುವುದು ವಿದ್ವಾಂಸರ ಒಂದು ದೊಡ್ಡ ಸಂಘ ಎಂದು ಅವನು ಹೇಳಿಕೊಂಡ. ನಿಜದಲ್ಲಿ ಇದ್ದವರು ಮುಖ್ಯವಾಗಿ ಮೂರೇ ಜನ: ಡಂಟನ್, ಗಣಿತ ಬಲ್ಲ ರಿಚರ್ಡ್ ಸಾಲ್ಟ್, ಪಾದ್ರಿ ಸ್ಯಾಮ್ಯುಯಲ್ ವೆಸ್ಲಿ.

ಪ್ರಶ್ನೆಗಳು ಸಾವಿರಾರು ಬಂದವು. ಸಮುದ್ರದ ನೀರು ಉಪ್ಪೇಕೆ? ಗಾಳಿ ಎಲ್ಲಿಂದ ಬರುತ್ತದೆ? ಹಣಕ್ಕಾಗಿ ಮದುವೆಯಾಗುವುದು ಸರಿಯೆ? ಹೆಂಡತಿಗೆ ಹೊಡೆಯುವ ಹಕ್ಕು ಗಂಡನಿಗೆ ಇದೆಯೆ? ಹೆಣ್ಣಿಗೆ ವಿದ್ಯೆ ಬೇಕೆ? ಹೆಣ್ಣಿಗೆ ವಿದ್ಯೆ ಬೇಕು ಎಂದೇ ಅವರು ಉತ್ತರ ಬರೆದರು. ನಮ್ಮ "ಸುಧಾ" ವಾರಪತ್ರಿಕೆಯಲ್ಲಿ ಬೀಚಿಯವರು ಓದುಗರ ಪ್ರಶ್ನೆಗಳಿಗೆ ಕೊಡುತ್ತಿದ್ದ ಉತ್ತರಗಳನ್ನು ಮೊದಲು ಓದಿ ಆಮೇಲೆ ಕಥೆ ಓದುತ್ತಿದ್ದವರು ನಿಮ್ಮಲ್ಲೂ ಇರಬಹುದು. ಓದುಗ ಕೇಳಿ ಪತ್ರಿಕೆ ಉತ್ತರಿಸುವ ಆ ಬಗೆಯ ಅಂಕಣಕ್ಕೆ ಮುತ್ತಜ್ಜ ಈ ಒಂದು ಹಾಳೆ.

ಹೆಂಗಸರೂ ಪ್ರಶ್ನೆ ಕಳಿಸಬಹುದು ಎಂದು ಡಂಟನ್ ಮೊದಮೊದಲೇ ಪ್ರಕಟಿಸಿದ. ತಿಂಗಳ ಮೊದಲ ಮಂಗಳವಾರದ ಸಂಚಿಕೆಯನ್ನು ಅವರಿಗೇ ಬಿಟ್ಟುಕೊಟ್ಟ. ಒಂದು ಕ್ಷಣ ಇದನ್ನು ಮನಸ್ಸಿಗೆ ತಂದುಕೊಳ್ಳಿ. ಹಿತ್ತಿಲ ಬಾಗಿಲಿನಿಂದಾಚೆ ಯಾರ ಹತ್ತಿರವೂ ಬಾಯಿಬಿಡಲಾಗದ ಒಂದು ಹೆಣ್ಣುಮಗಳು. ಗಂಡನ ಬಗ್ಗೆ, ಮನಸ್ಸಿನಲ್ಲಿದ್ದ ಇನ್ನೊಬ್ಬನ ಬಗ್ಗೆ, ದೇವರ ಬಗ್ಗೆ ಒಂದು ಚೀಟಿ ಬರೆಯುತ್ತಾಳೆ, ಹೆಸರಿಲ್ಲದೆ. ಕೆಲವು ದಿನದ ಮೇಲೆ ಅದು ಅಚ್ಚಾಗಿ ಬರುತ್ತದೆ, ಅವಳು ಕಾಲಿಡಲಾಗದ ಅದೇ ಕಾಫಿ ಹೌಸಿನಲ್ಲಿ ಗಂಡಸರು ಅದನ್ನು ಗಟ್ಟಿಯಾಗಿ ಓದಿ ವಾದ ಮಾಡುತ್ತಾರೆ. ಅವಳು ಅಲ್ಲಿಲ್ಲ, ಅವಳ ಪ್ರಶ್ನೆ ಕುರ್ಚಿ ಎಳೆದುಕೊಂಡು ಕೂತಿದೆ.

ಹೀಗೆ ಅಂಚೆಯಲ್ಲಿ ಒಳಗೆ ಬಂದವರಲ್ಲಿ ಒಬ್ಬಳ ಹೆಸರು ಉಳಿದಿದೆ. ಎಲಿಜಬೆತ್ ಸಿಂಗರ್, ಸಾಮರ್ಸೆಟ್ಟಿನ ಫ್ರೋಮ್ ಎಂಬ ಊರಿನವಳು, 1674ರಲ್ಲಿ ಹುಟ್ಟಿದವಳು. ಹರೆಯದಲ್ಲೇ ಈ ಪತ್ರಿಕೆಗೆ ಪದ್ಯಗಳನ್ನು ಕಳಿಸಿದಳು. ಅವು ಅಚ್ಚಾದವು, 1696ರಲ್ಲಿ ಡಂಟನ್ನನೇ ಅವಳ ಸಂಕಲನ ತಂದ. ಮುಂದೆ ಎಲಿಜಬೆತ್ ರೋ ಎಂಬ ಹೆಸರಿನಲ್ಲಿ ಅವಳು ಹದಿನೆಂಟನೆಯ ಶತಮಾನದಲ್ಲಿ ಬಹಳ ಜನ ಓದಿದ ಲೇಖಕಿಯಾದಳು. "ಅಥೀನಿಯನ್ ಮರ್ಕ್ಯುರಿ" 1697ರಲ್ಲಿ ನಿಂತಿತು. ಅದು ತೆರೆದ ಕಿಂಡಿ ಮುಚ್ಚಲಿಲ್ಲ.

ಆಮೇಲೆ ಬಂದವರು ಸ್ಟೀಲ್ ಮತ್ತು ಆಡಿಸನ್. 1709ರಲ್ಲಿ ಸ್ಟೀಲ್ ಶುರುಮಾಡಿದ "ಟ್ಯಾಟ್ಲರ್" ಎಂಬ ಹೆಸರಿನ ಅರ್ಥವೇ ಹರಟೆಮಲ್ಲ. ಅದರಲ್ಲಿ ವಿಷಯಗಳನ್ನು ಕಾಫಿ ಹೌಸಿನ ಪ್ರಕಾರ ಹಂಚಿದ್ದರು. ಮನರಂಜನೆಯ ಸುದ್ದಿ ವೈಟ್ಸ್‌ನಿಂದ, ಕಾವ್ಯ ವಿಲ್ಸ್‌ನಿಂದ, ವಿದ್ವತ್ತು ಗ್ರೀಷಿಯನ್‌ನಿಂದ, ರಾಜಕೀಯ ಸೇಂಟ್ ಜೇಮ್ಸ್‌ನಿಂದ. 1711ರಲ್ಲಿ ಇಬ್ಬರೂ ಸೇರಿ ತಂದ "ಸ್ಪೆಕ್ಟೇಟರ್" ಭಾನುವಾರ ಬಿಟ್ಟು ದಿನವೂ ಬರುತ್ತಿತ್ತು. ದಿನಕ್ಕೆ 3,000 ಪ್ರತಿ ಹೋಗುತ್ತದೆ, ಒಂದೊಂದನ್ನು ಇಪ್ಪತ್ತು ಜನ ಓದುತ್ತಾರೆ ಎಂದು ಆಡಿಸನ್ ಲೆಕ್ಕ ಹಾಕಿದ. ಕಾಫಿ ಹೌಸಿನ ಮೇಜಿಗೆ ಎಷ್ಟೋ ಅಷ್ಟೇ ಮನೆಯ ಚಹಾ ಮೇಜಿಗೂ, ಅಂದರೆ ಹೆಂಗಸರಿಗೂ, ಅವನು ಬರೆದ. ಜೊತೆಗೆ ಅವರಿಗೆ ಒಂದಿಷ್ಟು ಉಪದೇಶ ಮಾಡುವುದನ್ನೂ ಬಿಡಲಿಲ್ಲ! ಓದುಗರ ಕಾಗದಗಳಿಗೂ ಜಾಗ ಕೊಟ್ಟ. ನಮ್ಮ ಲಲಿತ ಪ್ರಬಂಧಕ್ಕೆ ದಾರಿ ಹಾಕಿದ ಆ ಸಲಿಗೆಯ ದನಿ ಹುಟ್ಟಿದ್ದು ಹೀಗೆ, ಕಾಗದ ಬರೆಯುವ ಜನಕ್ಕೆ ಎದುರು ಮಾತಾಡುತ್ತಾ.

ಇದೇ ಶತಮಾನದ ನಡುವಿನಲ್ಲಿ ಮಾತಿಗೆಂದೇ ಟಿಕೆಟ್ ಇಟ್ಟ ಕೂಟಗಳು ಬಂದವು. ರಾಬಿನ್ ಹುಡ್ ಸೊಸೈಟಿ ಎಂಬುದು ಸೋಮವಾರ ರಾತ್ರಿ ಸೇರುತ್ತಿತ್ತು. ಆರು ಪೆನ್ನಿ ಕೊಟ್ಟವರು ಒಳಗೆ ಬರಬಹುದು. ಒಬ್ಬೊಬ್ಬರಿಗೆ ಐದು ನಿಮಿಷ. ಅದು ಮುಗಿದರೆ ಅಧ್ಯಕ್ಷ ಸುತ್ತಿಗೆ ಬಡಿಯುತ್ತಿದ್ದ. ಆ ಸುತ್ತಿಗೆಯನ್ನು ಬಹಳ ವರ್ಷ ಹಿಡಿದಿದ್ದವನು ಕೇಲೆಬ್ ಜೀಕಾಕ್, ಕಸುಬಿನಲ್ಲಿ ಬ್ರೆಡ್ ಮಾಡುವವನು. ಮುಂದೆ ಪಾರ್ಲಿಮೆಂಟಿನಲ್ಲಿ ದೊಡ್ಡ ಮಾತುಗಾರನಾದ ಎಡ್ಮಂಡ್ ಬರ್ಕ್ ಕೂಡ ಇಲ್ಲಿಗೆ ಬಂದು ಹೋಗುತ್ತಿದ್ದವನೇ.

1780ರ ಹೊತ್ತಿಗೆ ಲಂಡನ್ನಿನಲ್ಲಿ ಇಂಥ ಚರ್ಚಾಕೂಟಗಳ ಸುಗ್ಗಿ. ಆ ವರ್ಷ ಹೇಮಾರ್ಕೆಟ್ಟಿನಲ್ಲಿ "ಲಾ ಬೆಲ್ ಅಸೆಂಬ್ಲೆ" ಎಂಬ ಕೂಟ ಶುರುವಾಯಿತು. ಅಲ್ಲಿ ವೇದಿಕೆಯಲ್ಲಿ ವಾದ ಮಾಡುವವರು ಹೆಂಗಸರೇ. ಕಾಫಿ ಹೌಸಿನಲ್ಲಿ ಕುರ್ಚಿ ಸಿಗದ ಹೆಂಗಸರ ಮರಿಮಕ್ಕಳು ಎನ್ನಬಹುದಾದವರು ಈಗ ಎದ್ದು ನಿಂತು ಮಾತಾಡಿದರು, ಗಂಡಸರು ದುಡ್ಡು ಕೊಟ್ಟು ಬಂದು ಕೇಳಿದರು. ಇಂಥ ಕೂಟಗಳಲ್ಲಿ ಮದುವೆ, ಪ್ರೇಮ, ನಾಟಕ, ತೆರಿಗೆ, ಯುದ್ಧ ಎಲ್ಲವೂ ಚರ್ಚೆಗೆ ಬರುತ್ತಿದ್ದವು. 1788ರಲ್ಲಿ ಗುಲಾಮರ ವ್ಯಾಪಾರ ನಿಲ್ಲಬೇಕೆ ಎಂಬುದು ಕೂಟದಿಂದ ಕೂಟಕ್ಕೆ ಹಬ್ಬಿದ ವಿಷಯವಾಯಿತು. ಬ್ರಿಟಿಷ್ ಪಾರ್ಲಿಮೆಂಟ್ ಆ ವ್ಯಾಪಾರವನ್ನು ನಿಷೇಧಿಸಿದ್ದು 1807ರಲ್ಲಿ. ಅಷ್ಟು ವರ್ಷದ ಹೋರಾಟದಲ್ಲಿ ಆರು ಪೆನ್ನಿ ಕೊಟ್ಟು ಕೂತ ಜನರ ವಾದಕ್ಕೂ ಒಂದು ಪಾಲಿದೆ.

ಫ್ರೆಂಚ್ ಕ್ರಾಂತಿ ಆದಮೇಲೆ ಸರ್ಕಾರಕ್ಕೆ ಮತ್ತೆ ಅದೇ ಹಳೆಯ ಭಯ. 1795ರಲ್ಲಿ ಬಂದ ಕಾನೂನು, ದುಡ್ಡು ತೆಗೆದುಕೊಂಡು ಉಪನ್ಯಾಸ, ಚರ್ಚೆ ನಡೆಸುವ ಜಾಗಗಳಿಗೆ ಲೈಸೆನ್ಸ್ ಬೇಕು ಎಂದಿತು. ಕೂಟಗಳ ಉಸಿರು ಕಟ್ಟಿತು. ಕಾಫಿ ಹೌಸುಗಳೂ ಅಷ್ಟು ಹೊತ್ತಿಗೆ ಬದಲಾಗಿದ್ದವು. ವೈಟ್ಸ್‌ನಂಥವು ಸದಸ್ಯರಿಗೆ ಮಾತ್ರ ಪ್ರವೇಶವಿರುವ ಕ್ಲಬ್ಬುಗಳಾದವು. ಒಂದು ಪೆನ್ನಿ ಹಿಡಿದು ಬಂದವನಿಗೆ ಅಲ್ಲಿ ಈಗ ಕುರ್ಚಿ ಇಲ್ಲ.

ಇದು ಇಂಗ್ಲಿಷರ ಕಥೆ, ನಮಗೇನು ಅನ್ನಬೇಡಿ. ಕಾಫಿಗೆ ನಮ್ಮ ಕಥೆಯೂ ಇದೆ. ಮೆಕ್ಕಾಕ್ಕೆ ಹೋಗಿದ್ದ ಬಾಬಾ ಬುಡನ್ ಬರುವಾಗ ಯೆಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ನೆಟ್ಟರು ಎಂದು ಐತಿಹ್ಯ. ಅದು ನಡೆದದ್ದೂ ಹದಿನೇಳನೆಯ ಶತಮಾನದಲ್ಲೇ ಎನ್ನುತ್ತಾರೆ. ಮುಂದೆ ನಮ್ಮ ಊರುಗಳಲ್ಲಿ ಕಾಫಿ ಹೋಟೆಲುಗಳು ಬಂದಾಗ ಅಲ್ಲೂ ಪತ್ರಿಕೆ ಓದಿದರು, ಚಳವಳಿಯ ಮಾತಾಡಿದರು. ಆದರೆ ಕುರ್ಚಿಯ ಪ್ರಶ್ನೆ ಅಲ್ಲೂ ಇತ್ತು. "ಬ್ರಾಹ್ಮಣರಿಗೆ" ಎಂದು ಬೋರ್ಡು ಹಾಕಿದ ಬೇರೆ ಕೋಣೆ, ದಲಿತರಿಗೆ ಹೊರಗೆ ಇಟ್ಟ ಬೇರೆ ಲೋಟ. ಮರ್ಯಾದಸ್ಥ ಮನೆಯ ಹೆಂಗಸು ಹೋಟೆಲಿಗೆ ಹೋಗುವುದೆಂದರೆ ನಮ್ಮ ಅಜ್ಜಿಯರ ಕಾಲದಲ್ಲಿ ಊಹೆಗೂ ಮೀರಿದ್ದು. ಹೋಟೆಲು ಜನರನ್ನು ಒಂದುಗೂಡಿಸಿತು ಅನ್ನುವುದೂ ನಿಜ, ಬೇರೆ ಬೇರೆ ಕೂರಿಸಿತು ಅನ್ನುವುದೂ ನಿಜ.

ಇನ್ನು ಇವತ್ತಿಗೆ ಬರೋಣ. ಹೊರದೇಶದ ನಮ್ಮ ಕನ್ನಡ ಮನೆಗಳ ಯಾವುದೇ ಶನಿವಾರದ ಊಟವನ್ನು ನೆನಪಿಸಿಕೊಳ್ಳಿ. ಸೋಫಾದ ಸುತ್ತ ಚುನಾವಣೆ, ಷೇರು, ಕ್ರಿಕೆಟ್ಟು. ಅಡುಗೆಮನೆಯ ಸುತ್ತ ಮಕ್ಕಳ ಶಾಲೆ, ಊರಿನಲ್ಲಿರುವ ಅತ್ತೆಯ ಆರೋಗ್ಯ, ಹೊಸ ಧಾರಾವಾಹಿ. ಎರಡೂ ಕಡೆಯ ಮಾತಿನಲ್ಲಿ ಹುರುಳಿದೆ. ನಡುವೆ ಮಾತ್ರ ಓಡಾಟವಿಲ್ಲ. ಊರಿನಲ್ಲಿರುವ ಅತ್ತೆಯನ್ನು ಯಾರು ನೋಡಿಕೊಳ್ಳಬೇಕು ಎಂಬುದು ದೊಡ್ಡ ನೀತಿಯ ಪ್ರಶ್ನೆ. ಅದು ಸೋಫಾಕ್ಕೆ ಬರುವುದಿಲ್ಲ. ವೀಸಾ ಕಾನೂನು ಬದಲಾದರೆ ಮೊದಲು ಕೆಲಸ ಬಿಡಬೇಕಾಗುವುದು ಎಷ್ಟೋ ಸಲ ಹೆಂಡತಿ. ಅವಳ ಮಾತು ಆ ಚರ್ಚೆಗೆ ಸೇರುವುದಿಲ್ಲ. ಇಲ್ಲೇ ಹುಟ್ಟಿದ ಮಕ್ಕಳಿಗಂತೂ ಎರಡು ಕಡೆಯೂ ಕುರ್ಚಿ ಇಲ್ಲ. ಅವರು ಮಹಡಿಯ ಮೇಲೆ ಫೋನ್ ಹಿಡಿದು ಕೂತಿರುತ್ತಾರೆ. ಆಮೇಲೆ ಮಕ್ಕಳಿಗೆ ಕನ್ನಡ ಬರುವುದಿಲ್ಲ ಎಂದು ನಾವೇ ಕೊರಗುತ್ತೇವೆ. ಭಾಷೆ ಬರುವುದು ವಾದ ಮಾಡಿದಾಗ. ಬರೀ "ಊಟ ಆಯ್ತಾ, ಮಲಗು" ಅನ್ನುವುದರಲ್ಲಿ ಎಷ್ಟು ಭಾಷೆ ಬಂದೀತು?

ಮುನ್ನೂರು ವರ್ಷದ ಹಿಂದಿನವರಿಂದ ಮೂರು ಸಣ್ಣ ಉಪಾಯಗಳನ್ನು ಸಾಲ ತರಬಹುದು. ಬೇಕ್ರಿಯವನು ಹಿಡಿದ ಐದು ನಿಮಿಷದ ಸುತ್ತಿಗೆ ಮೊದಲನೆಯದು. ಮಾತು ಬಲ್ಲವರೇ ಎಲ್ಲ ಹೊತ್ತನ್ನೂ ತಿನ್ನುವುದು ಇದರಿಂದ ನಿಲ್ಲುತ್ತದೆ. ಜಗಳ ತೆಗೆದವರು ಎಲ್ಲರಿಗೂ ಕಾಫಿ ಮಾಡಿ ಕೊಡುವುದು ಎರಡನೆಯದು. ಇದನ್ನು ನಮ್ಮ ಅಣ್ಣಂದಿರು, ಭಾವಂದಿರು ದಯವಿಟ್ಟು ಬರೆದಿಟ್ಟುಕೊಳ್ಳಿ. ಮೂರನೆಯದು ಹೆಸರಿಲ್ಲದ ಚೀಟಿ. ಮುಂದಿನ ಯುಗಾದಿ ಊಟಕ್ಕೆ ನಿಮ್ಮ ಮನೆಯ ಬಾಗಿಲಲ್ಲಿ ಒಂದು ಖಾಲಿ ಡಬ್ಬಿ, ಒಂದಿಷ್ಟು ಚೀಟಿ, ಎರಡು ಪೆನ್ನು ಇಡಿ. ಬಂದವರೆಲ್ಲ, ಮಕ್ಕಳೂ ಅಜ್ಜಿಯರೂ ಸೇರಿ, ಒಂದೊಂದು ಪ್ರಶ್ನೆ ಬರೆದು ಹಾಕಲಿ. ಹೋಳಿಗೆ ಆದಮೇಲೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ಡಬ್ಬಿ ತೆಗೆಯಿರಿ. ಕುರ್ಚಿ ಸಾಲದಿದ್ದರೆ ನೆಲದ ಮೇಲೆ ಜಮಖಾನೆ ಹಾಸಿ. ಮೊದಲ ಚೀಟಿಯನ್ನು ಮನೆಯ ಅತಿ ಕಿರಿಯರಿಂದ ಓದಿಸಿ.